ನರ್ಸ್‌ಗಳ ಕೊರತೆ ಖರೇ ಇದ್ದರೆ ಪಗಾರ ಯಾಕೆ ಕಡಿಮೆ?

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಮ್ಮದು ಶಹಾಪುರ ತಾಲ್ಲೂಕು, ಐದು ಎಕರೆ ಹೊಲ ಅದ, ಹತ್ತಿ ತೊಗರಿ ಬೆಳೀತೀವಿ. ಮಗಳು ಪಿಯುಸಿ ಎರಡನೇ ವರ್ಷ ಸೈನ್ಸ್ ಓದಾಕತ್ಯಾಳ, ಬಿ.ಎಸ್ಸಿ. ನರ್ಸಿಂಗ್ ಮಾಡ್ತೀನಿ ಅಂತಾಳ. ದೇಶದಾಗ ನರ್ಸ್ ಮಂದಿ ಸಾಲೂದಿಲ್ಲ, ಕೋರ್ಸ್ ಮುಗಿದ ಕೂಡಲೇ ನೌಕರಿ ಗ್ಯಾರಂಟಿ ಅಂತ ಒಬ್ಬ ಏಜೆಂಟ್ ಮನಿಗೆ ಬಂದು ಹೇಳಿಹೋಗ್ಯಾನ. ಆದರ ನಮ್ಮ ಅಣ್ಣನ ಮಗಳು ಜಿ.ಎನ್.ಎಂ. ಅನ್ನೂ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಕಲಬುರಗಿಯ 30 ಬೆಡ್ಡಿನ ಖಾಸಗಿ ದವಾಖಾನ್ಯಾಗ ಮೂರು ವರ್ಷದಿಂದ ದುಡಿಯಾಕತ್ಯಾಳ, ಪಗಾರ ಬರೇ 11,000. ಹೋದ ವರ್ಷ ನಮ್ಮವ್ವನ್ನ ದವಾಖಾನಿಗೆ ಹಾಕಿದಾಗ ರಾತ್ರಿ ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್ ಇದ್ರು. ಸಲಾಯಿನ್ ಬಾಟ್ಲಿ ಮುಗಿದದ್ದು ನಾವೇ ನೋಡಿ ಹೇಳಬೇಕಿತ್ತು. ಮಂದಿ ಕಡಿಮಿ ಅದಾರ ಅಂದ್ರ ಪಗಾರ ಹೆಚ್ಚಿರಬೇಕಲ್ಲ? ಈ ಕೊರತೆ ಖರೇನೋ ಸುಳ್ಳೋ? ಮಗಳನ್ನ ಕಳಸಬೇಕೋ ಬ್ಯಾಡೋ?

ಉತ್ತರ: ನೀವು ಕೇಳಿರುವುದು ಎರಡು ಮೂರು ಪ್ರಶ್ನೆಗಳಂತೆ ಕಂಡರೂ ಅವುಗಳ ಗಂಟು ಒಂದೇ ಕಡೆ ಇದೆ. ವಾರ್ಡಿನಲ್ಲಿ ನರ್ಸ್ ಇಲ್ಲ, ಹೊರಗೆ ನರ್ಸ್‌ಗೆ ತಕ್ಕ ಸಂಬಳವಿಲ್ಲ. ಇವೆರಡೂ ಏಕಕಾಲಕ್ಕೆ ಹೇಗೆ ನಿಜವಾಗುತ್ತವೆ ಎಂಬುದು ನಿಮ್ಮ ಗೊಂದಲ. ಕಲಬುರಗಿ ಭಾಗದ ಆಸ್ಪತ್ರೆಗಳಲ್ಲಿ 34 ವರ್ಷ ಕೆಲಸ ಮಾಡಿ, ಕೊನೆಯ ಒಂಬತ್ತು ವರ್ಷ ಡ್ಯೂಟಿ ಪಟ್ಟಿ ಹಾಕುವ ಕುರ್ಚಿಯಲ್ಲಿ ಕುಳಿತವಳಾಗಿ ಹೇಳುತ್ತೇನೆ, ಎರಡೂ ನಿಜ. ರೋಗಿಗೆ ಬೇಕಾದಷ್ಟು ನರ್ಸ್‌ಗಳಿಲ್ಲ ಎಂಬುದು ಒಂದು ಕೊರತೆ. ಹಣ ಕೊಟ್ಟು ನೇಮಿಸಿಕೊಳ್ಳಲು ಆಸ್ಪತ್ರೆಗೆ ನರ್ಸ್‌ಗಳು ಸಿಗುತ್ತಿಲ್ಲ ಎಂಬುದು ಇನ್ನೊಂದು. ನಮ್ಮಲ್ಲಿ ಮೊದಲನೆಯದು ವಿಪರೀತವಾಗಿದೆ, ಎರಡನೆಯದು ಅಷ್ಟಾಗಿ ಇಲ್ಲ. ಸಂಬಳ ಏರುವುದು ಎರಡನೆಯ ಬಗೆಯ ಕೊರತೆಯಿಂದ. ನಿಮ್ಮ ಮನೆಗೆ ಬಂದ ಏಜೆಂಟ್ ಮೊದಲನೆಯದನ್ನು ತೋರಿಸಿ ಎರಡನೆಯದರ ಭರವಸೆ ಕೊಟ್ಟು ಹೋಗಿದ್ದಾನೆ.

ಅಂಕಿಗಳನ್ನು ನೋಡೋಣ. ದೇಶದ ರಾಜ್ಯ ಶುಶ್ರೂಷಾ ಪರಿಷತ್ತುಗಳಲ್ಲಿ ನೋಂದಣಿಯಾಗಿರುವವರ ಸಂಖ್ಯೆ, ಎ.ಎನ್.ಎಂ.ಗಳನ್ನೂ (ಸಹಾಯಕ ನರ್ಸ್-ಸೂಲಗಿತ್ತಿಯರು) ಸೇರಿಸಿ, 33 ಲಕ್ಷಕ್ಕೂ ಹೆಚ್ಚು. ಸಾವಿರ ಜನರಿಗೆ 1.96 ನರ್ಸ್‌ಗಳಿದ್ದಾರೆ ಎಂಬುದು ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಕೊಟ್ಟಿರುವ ಲೆಕ್ಕ. ಇರಬೇಕಾದದ್ದು 3 ಎನ್ನುತ್ತಾರೆ. ಆದರೆ ಇದು ದಾಖಲೆಪುಸ್ತಕದ ಲೆಕ್ಕವೇ ಹೊರತು ವಾರ್ಡಿನ ಲೆಕ್ಕವಲ್ಲ. ನಿವೃತ್ತರಾದವರು, ತೀರಿಕೊಂಡವರು, ದುಬೈಗೋ ಲಂಡನ್‌ಗೋ ಹೋದವರು, ಮದುವೆಯಾಗಿ ಕೆಲಸ ಬಿಟ್ಟವರು, ಎರಡು ರಾಜ್ಯಗಳಲ್ಲಿ ನೋಂದಣಿ ಮಾಡಿಸಿದವರು ಎಲ್ಲರೂ ಆ ಪುಸ್ತಕದಲ್ಲಿದ್ದಾರೆ. ಇದನ್ನು ಸರಿಪಡಿಸಲೆಂದೇ ಭಾರತೀಯ ಶುಶ್ರೂಷಾ ಪರಿಷತ್ತು ಪ್ರತಿಯೊಬ್ಬರಿಗೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು ಹೊಸ ಜೀವಂತ ದಾಖಲೆ ತಯಾರಿಸಲು ಹೊರಟಿತು. ಹೀಗಾಗಿ ಕೊರತೆ ಕಾಗದದಲ್ಲಿ ಕಾಣುವುದಕ್ಕಿಂತ ಹೆಚ್ಚೇ ಇದೆ. ಇದು ನಮ್ಮ ದೇಶವೊಂದರ ಪಾಡೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿಗೆ ಕಡಿಮೆ ಬಿದ್ದಿದ್ದ ನರ್ಸ್‌ಗಳು 59 ಲಕ್ಷ, ಆ ಕೊರತೆಯಲ್ಲಿ ಶೇ 89ರಷ್ಟು ಬಡ ಮತ್ತು ಕೆಳ ಮಧ್ಯಮ ಆದಾಯದ ದೇಶಗಳದ್ದು.

ನಿಮ್ಮ ತಾಯಿಯವರ ವಾರ್ಡಿನಲ್ಲಿ ಆ ರಾತ್ರಿ ಒಬ್ಬರೇ ಸಿಸ್ಟರ್ ಯಾಕಿದ್ದರು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಸಾಮಾನ್ಯ ವಾರ್ಡಿನಲ್ಲಿ 6 ಹಾಸಿಗೆಗೆ ಒಬ್ಬ ನರ್ಸ್ ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಂದ ಮಾನದಂಡ. 36 ಹಾಸಿಗೆಯ ವಾರ್ಡಿಗೆ ಹಾಗಾದರೆ 6 ಜನ ಸಾಕಲ್ಲ ಎಂದು ಲೆಕ್ಕ ಹಾಕುವ ಅಧಿಕಾರಿಗಳನ್ನು ನಾನು ಸಭೆಗಳಲ್ಲಿ ಕಂಡಿದ್ದೇನೆ. ಆದರೆ ವಾರ್ಡು ಕಚೇರಿಯಂತೆ ಸಂಜೆ ಬೀಗ ಹಾಕುವ ಜಾಗವಲ್ಲ. ವಾರಕ್ಕೆ 168 ಗಂಟೆ. ಒಬ್ಬ ನರ್ಸ್ ದುಡಿಯುವುದು 48 ಗಂಟೆ. ಅಂದರೆ ಒಂದು ಜಾಗದಲ್ಲಿ ಹಗಲು ರಾತ್ರಿ ಒಬ್ಬರು ಇರಬೇಕಾದರೆ ಮೂರೂವರೆ ಜನ ಬೇಕು, ರಜೆ, ಹೆರಿಗೆ ರಜೆ, ತರಬೇತಿ ಇವನ್ನೆಲ್ಲ ಬಿಟ್ಟು. ಪ್ರತಿ ಪಾಳಿಯಲ್ಲೂ 6 ರೋಗಿಗೆ ಒಬ್ಬರಂತೆ ನಿಲ್ಲಿಸಬೇಕಾದರೆ ಆ ವಾರ್ಡಿಗೆ ಕನಿಷ್ಠ 21 ಜನ ಬೇಕಾಗುತ್ತದೆ. ಕೈಯಲ್ಲಿ ಆರೇ ಜನರಿದ್ದಾಗ ಪಾಳಿಗೆ ಬರುವುದು ಒಂದೂ ಮುಕ್ಕಾಲು ನರ್ಸ್‌ಗಿಂತ ಕಡಿಮೆ. ಆ ಮುಕ್ಕಾಲನ್ನು ಬೆಳಗಿನ ಪಾಳಿಗೆ, ಡಾಕ್ಟರ ರೌಂಡ್ಸ್ ಇರುವ ಹೊತ್ತಿಗೆ ಹಾಕುತ್ತೇವೆ. ರಾತ್ರಿಗೆ ಉಳಿಯುವುದು ಒಬ್ಬರೇ. ಹಾಗೆ ಪಟ್ಟಿ ಹಾಕಿದವಳೂ ನಾನೇ ಆದ್ದರಿಂದ ಇದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ಆ ಒಬ್ಬರು ರಾತ್ರಿ ಏನು ಮಾಡುತ್ತಿರುತ್ತಾರೆ ಎಂಬುದನ್ನೂ ಹೇಳಬೇಕು. 500 ಮಿ.ಲೀ. ಸಲಾಯಿನ್ ಎಂಟು ಗಂಟೆಯಲ್ಲಿ ಹೋಗಬೇಕೆಂದು ಡಾಕ್ಟರು ಬರೆದಿದ್ದರೆ ನಿಮಿಷಕ್ಕೆ ಸುಮಾರು 21 ಹನಿ ಬೀಳಬೇಕು. ಕೈಗಡಿಯಾರ ಹಿಡಿದು ಒಂದು ನಿಮಿಷ ನಿಂತು ಹನಿ ಎಣಿಸಬೇಕು, ಬಾಟಲಿಗೆ ಅಂಟಿಸಿದ ಪ್ಲಾಸ್ಟರಿನ ಪಟ್ಟಿಯ ಮೇಲೆ ಗಂಟೆಯ ಗೆರೆ ಎಳೆಯಬೇಕು. 20 ಜನರಿಗೆ ಸಲಾಯಿನ್ ಹಚ್ಚಿದ್ದರೆ ಬರಿಯ ಎಣಿಕೆಗೇ ಸುತ್ತಿಗೆ 20 ನಿಮಿಷ. ರೋಗಿ ಕೈ ಮಡಚಿದರೆ ಹನಿ ನಿಲ್ಲುತ್ತದೆ, ಕೈ ಚಾಚಿದರೆ ಓಡುತ್ತದೆ. ಇದರ ನಡುವೆ ಹತ್ತು ಗಂಟೆಯ ಇಂಜೆಕ್ಷನ್, ಜ್ವರದ ಚಾರ್ಟು, ಆ್ಯಂಬುಲೆನ್ಸಿನಲ್ಲಿ ಬಂದ ಹೊಸ ರೋಗಿ, ಔಷಧದ ಬೇಡಿಕೆ ಪಟ್ಟಿ, ಚಾದರದ ಎಣಿಕೆ, ಪೋರ್ಟಲ್‌ಗೆ ಏರಿಸಬೇಕಾದ ಮಾಹಿತಿ. ಆದ್ದರಿಂದ ನಿಮ್ಮಂಥ ಮನೆಯವರು ಬಾಟಲಿ ಕಾಯುತ್ತಾರೆ. ಇದಕ್ಕೆ ಎಲ್ಲರೂ ಎಷ್ಟು ಹೊಂದಿಕೊಂಡಿದ್ದೇವೆಂದರೆ, ಜೊತೆಗೆ ಯಾರೂ ಇಲ್ಲದ ರೋಗಿಯನ್ನು ದಾಖಲು ಮಾಡಿಕೊಳ್ಳಲು ವಾರ್ಡಿನವರೇ ಹಿಂಜರಿಯುತ್ತಾರೆ.

ಬಾಟಲಿ ಮುಗಿದದ್ದು ಮನೆಯವರ ಕಣ್ಣಿಗೆ ಬೀಳುತ್ತದೆ, ಬೀಳದ ಸಂಗತಿಗಳೂ ಇರುತ್ತವೆ. ಹೆರಿಗೆಯಾದ ಮೊದಲ ಗಂಟೆಯಲ್ಲಿ 15 ನಿಮಿಷಕ್ಕೊಮ್ಮೆ ತಾಯಿಯ ನಾಡಿ, ಬಿ.ಪಿ. ನೋಡಿ, ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಬೇಕು. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಒಂದು ರಾತ್ರಿ ಒಬ್ಬಳೇ ನರ್ಸ್ ಇದ್ದಾಗ ಎರಡು ಹೆರಿಗೆ ಒಟ್ಟಿಗೆ ಬಂದವು. ಎರಡನೆಯ ಹೆರಿಗೆ ಮುಗಿಸಿ ಮೊದಲನೆಯ ತಾಯಿಯ ಹತ್ತಿರ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು, ಕೆಳಗೆ ಹಾಸಿದ್ದ ಬಟ್ಟೆ ಪೂರ್ತಿ ತೊಯ್ದಿತ್ತು. ರಕ್ತ ಕಲಬುರಗಿಯಿಂದ ಬರಬೇಕಿತ್ತು. ಬಂತು, ಆ ತಾಯಿ ಉಳಿದರು. ಮರುದಿನ ನೋಟಿಸು ಕೊಟ್ಟದ್ದು ಆ ನರ್ಸ್‌ಗೆ. ಆರು ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು, ಆ ಜಾಗ ಎರಡು ವರ್ಷ ಖಾಲಿ ಇತ್ತು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಲಿಂಡಾ ಏಕೆನ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಾಗಲೆಲ್ಲ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚುತ್ತಿದ್ದುದು ಕಂಡುಬಂತು. ಅಲ್ಲಿನವರು ನಾಲ್ಕಕ್ಕೂ ಎಂಟಕ್ಕೂ ಇರುವ ವ್ಯತ್ಯಾಸವನ್ನು ಅಳೆಯುತ್ತಿದ್ದರು. ನಾವು ಮೂವತ್ತಾರರ ಮಾತಾಡುತ್ತಿದ್ದೇವೆ.

ಹಾಗಾದರೆ ಇನ್ನಷ್ಟು ಜನರನ್ನು ಯಾಕೆ ನೇಮಿಸಿಕೊಳ್ಳುವುದಿಲ್ಲ? ಸರ್ಕಾರಿ ಆಸ್ಪತ್ರೆಯಲ್ಲಿ ಹುದ್ದೆ ಮಂಜೂರಾಗುವುದು ಕಾಗದದ ಮೇಲಿನ ಹಾಸಿಗೆಗಳಿಗೆ. ನೆಲದ ಮೇಲೆ ಚಾಪೆ ಹಾಸಿ ಮಲಗಿಸಿದವರು ಆ ಲೆಕ್ಕಕ್ಕೆ ಬರುವುದಿಲ್ಲ. ಮಂಜೂರಾದದ್ದೂ ತುಂಬಬೇಕಾದರೆ ಆರ್ಥಿಕ ಇಲಾಖೆಯ ಒಪ್ಪಿಗೆ, ಅಧಿಸೂಚನೆ, ಆಯ್ಕೆಪಟ್ಟಿ, ಆಕ್ಷೇಪಣೆ, ನ್ಯಾಯಾಲಯದ ತಡೆಯಾಜ್ಞೆ ಹೀಗೆ ವರ್ಷಗಳು ಉರುಳುತ್ತವೆ. ಅಲ್ಲಿಯವರೆಗೆ ಗುತ್ತಿಗೆಯ ಮೇಲೆ ಕೆಲಸ ನಡೆಯುತ್ತದೆ. ಅದೇ ವಾರ್ಡು, ಅದೇ ಪಾಳಿ, ಅದೇ ಇಂಜೆಕ್ಷನ್. ಕಾಯಂ ಇರುವವರ ಸಂಬಳಕ್ಕೂ ಗುತ್ತಿಗೆಯವರ ಸಂಬಳಕ್ಕೂ ಅಜಗಜಾಂತರ. ನಮ್ಮ ಭಾಗಕ್ಕೆ ಇನ್ನೊಂದು ವಿಶೇಷ ಕಾಯಿಲೆ ಇದೆ, ಅದರ ಹೆಸರು ನಿಯೋಜನೆ. ಹುದ್ದೆ ಯಾದಗಿರಿಯದ್ದು, ಸಂಬಳದ ಬಿಲ್ಲು ಯಾದಗಿರಿಯದ್ದು, ಕೆಲಸ ಮಾತ್ರ ಬೇರೆ ಊರಿನಲ್ಲಿ. ದಾಖಲೆಯಲ್ಲಿ ಹುದ್ದೆ ತುಂಬಿರುವುದರಿಂದ ಅದನ್ನು ಖಾಲಿ ಎಂದು ಕೇಳುವಂತೆಯೂ ಇಲ್ಲ.

ಖಾಸಗಿಯ ಕತೆ ಬೇರೆ. ಅಲ್ಲಿ ನಿಮ್ಮ ಅಣ್ಣನ ಮಗಳ ಸಂಬಳವನ್ನು ನಿಗದಿಪಡಿಸುತ್ತಿರುವವರು ಮಾಲೀಕರೊಬ್ಬರೇ ಅಲ್ಲ. ಪ್ರತಿ ವರ್ಷ ಕಾಲೇಜುಗಳಿಂದ ಹೊರಬರುವ ಹೊಸ ತಂಡ ಬಾಗಿಲಲ್ಲಿ ನಿಂತಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾವ ಕೋರ್ಸೂ ಮಾಡದೆ ಆರು ತಿಂಗಳು ಜೊತೆಗಿದ್ದು ಸೂಜಿ ಚುಚ್ಚಲು ಕಲಿತ ಹುಡುಗಿಗೆ ಅದೇ ಬಣ್ಣದ ಕೋಟು ಹಾಕಿಸಿ ನಿಲ್ಲಿಸಿದರೆ ರೋಗಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವಳನ್ನೂ ಸಿಸ್ಟರ್ ಎಂದೇ ಕರೆಯುತ್ತೀರಿ. ಓದಿದವರ ಬದಲಿಗೆ ಓದದವರನ್ನು ಇಟ್ಟುಕೊಂಡು ಕೆಲಸ ಸಾಗಿಸಬಹುದಾದ ಕಡೆ, ಓದಿದವರು ಎಷ್ಟೇ ಕಡಿಮೆ ಇದ್ದರೂ ಅವರ ಬೆಲೆ ಏರುವುದಿಲ್ಲ. ಬಿಲ್ಲಿನಲ್ಲಿ ದಿನಕ್ಕಿಷ್ಟು ಎಂದು ನರ್ಸಿಂಗ್ ಚಾರ್ಜು ಹಾಕಿರುತ್ತಾರೆ, ಗಮನಿಸಿ. ಒಂದು ತಿಂಗಳಲ್ಲಿ ಎಷ್ಟು ರೋಗಿಗಳಿಂದ ಅದು ಬಂತೆಂದು ನಿಮ್ಮ ಅಣ್ಣನ ಮಗಳು ಕೂಡಿ ನೋಡಿದರೆ ಅವಳಿಗೇ ಆಶ್ಚರ್ಯವಾದೀತು.

ಈ ಸಂಬಳದ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2016ರ ಜನವರಿಯಲ್ಲಿ ನ್ಯಾಯಾಲಯ ಕೊಟ್ಟ ನಿರ್ದೇಶನದಂತೆ ಕೇಂದ್ರ ಸರ್ಕಾರ ಒಂದು ತಜ್ಞರ ಸಮಿತಿ ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳಲ್ಲಿ ರಾಜ್ಯ ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ ಇರಬೇಕು, ಹಾಸಿಗೆ ಕಡಿಮೆಯಾದಂತೆ ಸ್ವಲ್ಪ ಇಳಿಸಬಹುದು, ಆದರೆ 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಸಮಿತಿ ಹೇಳಿತು. ನಿಮ್ಮ ಅಣ್ಣನ ಮಗಳಿಗೆ ಇಂದು ಸಿಗುತ್ತಿರುವುದು ಅಂದಿನ ಆ ಕನಿಷ್ಠದ ಅರ್ಧದಷ್ಟು. ಶಿಫಾರಸನ್ನು ಜಾರಿಗೆ ತರುವುದು ರಾಜ್ಯಗಳಿಗೆ ಬಿಟ್ಟ ವಿಷಯವಾದ್ದರಿಂದ ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಎಂಬುದು 1999ರ ಕಾಯ್ದೆಯ ಮೂಲಕ ಕಾನೂನೇ ಆಗಿ, 2004ರಿಂದ ಜಾರಿಯಲ್ಲಿದೆ. ನಮ್ಮಲ್ಲಿ ಮಾನದಂಡಗಳಿಗೆ ಬರವಿಲ್ಲ, ಅವನ್ನು ಮೀರಿದರೆ ಯಾರಿಗೂ ಏನೂ ಆಗುವುದಿಲ್ಲ.

ನರ್ಸ್‌ಗಳೆಲ್ಲ ವಿದೇಶಕ್ಕೆ ಹೋಗುವುದರಿಂದಲೇ ಕೊರತೆ ಎಂಬ ಮಾತು ಅರ್ಧ ಸತ್ಯ. ಹೊರದೇಶದವರು ಸಾಮಾನ್ಯವಾಗಿ ಕೇಳುವುದು ಎರಡು ವರ್ಷ ಪಳಗಿದ ಕೈಗಳನ್ನು, ಅದರಲ್ಲೂ ಐ.ಸಿ.ಯು., ಓ.ಟಿ., ಡಯಾಲಿಸಿಸ್ ಬಲ್ಲವರನ್ನು. ಸಂಖ್ಯೆಯಲ್ಲಿ ಸಣ್ಣದಾದರೂ ಇಂಥವರ ನಷ್ಟ ದೊಡ್ಡದು, ಏಕೆಂದರೆ ಹೊಸಬರಿಗೆ ಕಲಿಸಬೇಕಾದವರೇ ಅವರು. ಆದರೆ ಕಲಬುರಗಿಯ ಮಟ್ಟಿಗೆ ಲಂಡನ್‌ಗಿಂತ ಹೈದರಾಬಾದು, ಬೆಂಗಳೂರು, ಸೊಲ್ಲಾಪುರಗಳೇ ಹೆಚ್ಚು ಜನರನ್ನು ಸೆಳೆಯುತ್ತವೆ. ಇನ್ನು ಮನೆಯಲ್ಲಿ ಕುಳಿತವರ ಸಂಖ್ಯೆ ಯಾರ ಲೆಕ್ಕದಲ್ಲೂ ಇಲ್ಲ. ಮಗುವನ್ನು ಬಿಡಲು ಜಾಗವಿಲ್ಲದೆ, ರಾತ್ರಿ ಪಾಳಿಗೆ ಬರಲು ಬಸ್ಸಿಲ್ಲದೆ ಕೆಲಸ ಬಿಟ್ಟ ನನ್ನ ವಿದ್ಯಾರ್ಥಿನಿಯರನ್ನು ನಾನು ಸಂತೆಯಲ್ಲಿ, ಮದುವೆ ಮನೆಗಳಲ್ಲಿ ಭೇಟಿಯಾಗುತ್ತಿರುತ್ತೇನೆ.

ಹೆಚ್ಚು ಕಾಲೇಜು ತೆರೆದರೆ ಸರಿಹೋಗುತ್ತದೆ ಎಂಬುದೂ ಇಂಥದೇ ಮಾತು. 2014ರ ನಂತರ ಶುರುವಾದ ವೈದ್ಯಕೀಯ ಕಾಲೇಜುಗಳ ಜೊತೆಗೇ 157 ಹೊಸ ನರ್ಸಿಂಗ್ ಕಾಲೇಜುಗಳನ್ನು 1,570 ಕೋಟಿ ರೂಪಾಯಿಯಲ್ಲಿ ಕಟ್ಟಲು ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು, ವರ್ಷಕ್ಕೆ ಸುಮಾರು 15,700 ಪದವೀಧರರು ಹೊರಬರುತ್ತಾರೆಂಬುದು ಅಂದಾಜು. ದೊಡ್ಡ ಸರ್ಕಾರಿ ಆಸ್ಪತ್ರೆಯ ಮಗ್ಗುಲಲ್ಲೇ ಕಾಲೇಜು ಇರುವುದು ಒಳ್ಳೆಯದೇ, ನಾನು ಅದನ್ನು ಸ್ವಾಗತಿಸುತ್ತೇನೆ. ಆದರೆ ಕರ್ನಾಟಕದಲ್ಲಿ ಕಾಲೇಜುಗಳಿಗೆ ಎಂದೂ ಕೊರತೆಯಿರಲಿಲ್ಲ. ಕೇರಳದಿಂದ, ಬಂಗಾಳದಿಂದ, ಈಶಾನ್ಯ ರಾಜ್ಯಗಳಿಂದ ಮಕ್ಕಳು ಇಲ್ಲಿಗೆ ಬಂದು ಓದಿ ಹೋಗುತ್ತಾರೆ. ನಲ್ಲಿ ದೊಡ್ಡದು ಮಾಡಿದರೂ ಕೊಡದ ತೂತು ಮುಚ್ಚದಿದ್ದರೆ ನೀರು ನಿಲ್ಲುವುದಿಲ್ಲ.

ಇಲ್ಲಿಯ ಮಟ್ಟಿಗೆ ನನ್ನ ನಂಬಿಕೆ ಇರುವುದು ಇಲ್ಲಿಯವರನ್ನೇ ಓದಿಸಿ ಇಲ್ಲಿಯೇ ನೇಮಿಸುವುದರಲ್ಲಿ. ಹಳ್ಳಿಯಿಂದ ಬಂದವರು ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಹೆಚ್ಚು ಕಾಲ ನಿಲ್ಲುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಹೇಳುತ್ತದೆ. ಅದಲ್ಲದೆ ಭಾಷೆಯ ಮಾತೂ ಇದೆ. ನಡುರಾತ್ರಿ ಒಬ್ಬ ಮುದುಕಿ "ಜೀವ ಕಸಿವಿಸಿ ಆಗ್ಲಾಕತ್ತದ" ಎಂದರೆ ನಮ್ಮವಳು ಕೂಡಲೇ ನಾಡಿ ಹಿಡಿಯುತ್ತಾಳೆ. ದೂರದಿಂದ ಬಂದವಳು ಮಲಗಿ ಅಜ್ಜಿ ಎನ್ನುತ್ತಾಳೆ, ಅದು ಅವಳ ತಪ್ಪಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಪ್ರಕಾರ ನಮ್ಮ ಭಾಗದ, ನರ್ಸ್ ಹುದ್ದೆಗಳೂ ಸೇರುವ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80, ಇಲ್ಲಿನ ಶಿಕ್ಷಣ ಸಂಸ್ಥೆಗಳ ಸೀಟುಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲು. ಆದರೆ ನೇಮಕಾತಿಯ ಅಧಿಸೂಚನೆಯೇ ಹೊರಡದಿದ್ದರೆ ಶೇ 80 ಎಂದರೂ ಸೊನ್ನೆಯೇ. ಜೊತೆಗೆ ವಸತಿಗೃಹ, ಕೂಸಿನ ಮನೆ, ರಾತ್ರಿ ಪಾಳಿಗೆ ವಾಹನ ಇವಿಷ್ಟನ್ನು ಕೊಟ್ಟರೆ ಮನೆಯಲ್ಲಿ ಕುಳಿತವರಲ್ಲಿ ಹಲವರು ಮರಳಿ ಬರುತ್ತಾರೆ. ಹೊಸ ಕಾಲೇಜಿಗಿಂತ ಇದು ಅಗ್ಗ.

ಈಗ ನಿಮ್ಮ ಮಗಳ ವಿಷಯ. ಕಳಿಸಿ, ಆದರೆ ಗ್ಯಾರಂಟಿಯ ಮಾತು ನಂಬಿ ಕಳಿಸಬೇಡಿ. ಸೈನ್ಸ್ ಓದುತ್ತಿರುವುದರಿಂದ ನಾಲ್ಕು ವರ್ಷದ ಬಿ.ಎಸ್ಸಿ. ಅವಳಿಗೆ ಸೂಕ್ತ. ಎರಡು ವರ್ಷದ ಎ.ಎನ್.ಎಂ. ಬೇಗ ಮುಗಿಯುತ್ತದೆ, ಆದರೆ ಮುಂದೆ ಬಡ್ತಿಯ ದಾರಿ ಕಿರಿದು. ಮೂರು ವರ್ಷದ ಜಿ.ಎನ್.ಎಂ. ಖರ್ಚಿನಲ್ಲಿ ಹಗುರ, ಆದರೆ ಪದವಿ ಬೇಕೆಂದರೆ ಮತ್ತೆ ಎರಡು ವರ್ಷ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಬೇಕಾಗುತ್ತದೆ. ಬಿ.ಎಸ್ಸಿ. ಮುಗಿಸಿದವರಿಗೆ ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗುವ ಅವಕಾಶವೂ ಇದೆ, ಅದು ಗುತ್ತಿಗೆಯ ಕೆಲಸವೆಂಬುದನ್ನು ಮರೆಯಬಾರದು. ಪ್ರವೇಶವನ್ನು ಸಿ.ಇ.ಟಿ. ಬರೆದು ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯ ಮೂಲಕವೇ ಪಡೆಯಿರಿ. ಏಜೆಂಟನ ಕೈಗೆ ಅವಳ ಮೂಲ ಅಂಕಪಟ್ಟಿ ಕೊಡಬೇಡಿ. ಒಮ್ಮೆ ಅದು ಕಾಲೇಜಿನ ಕಪಾಟು ಸೇರಿದರೆ ಕಾಲೇಜು ಬಿಡಬೇಕೆಂದಾಗ ಪೂರ್ತಿ ಕೋರ್ಸಿನ ಶುಲ್ಕ ಕಟ್ಟು ಎನ್ನುವವರಿದ್ದಾರೆ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ಅದರ ಆಸ್ಪತ್ರೆ ನೋಡಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಗಳನ್ನು ಕರೆದುಕೊಂಡು ವಾರ್ಡಿಗೆ ಹೋಗಿ. ಒಂದು ಮಂಚದ ಸುತ್ತ ಹತ್ತು ವಿದ್ಯಾರ್ಥಿನಿಯರು ನಿಂತು ನೋಡುತ್ತಿದ್ದರೆ ಅಲ್ಲಿ ಕೈಗೆ ಕೆಲಸ ಹತ್ತುವುದಿಲ್ಲ. ಅರ್ಧ ಹಾಸಿಗೆ ಖಾಲಿ ಇದ್ದರೆ ಇನ್ನೂ ಕಷ್ಟ. ಮೂರನೇ ವರ್ಷದ ಒಬ್ಬ ಹುಡುಗಿಯನ್ನು ಪಕ್ಕಕ್ಕೆ ಕರೆದು ನೀನೇ ಸ್ವತಃ ಎಷ್ಟು ಹೆರಿಗೆ ಮಾಡಿಸಿದ್ದೀ ತಂಗಿ ಎಂದು ನಿಮ್ಮ ಮಗಳು ಕೇಳಲಿ. ಆ ಉತ್ತರ ಕಾಲೇಜಿನ ಪುಸ್ತಿಕೆಯಲ್ಲಿ ಸಿಗುವುದಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ, ರಾಜ್ಯ ಮತ್ತು ಭಾರತೀಯ ಶುಶ್ರೂಷಾ ಪರಿಷತ್ತುಗಳ ಮಾನ್ಯತೆ ಈ ವರ್ಷಕ್ಕೂ ಇದೆಯೇ ಎಂದು ಅವುಗಳ ಜಾಲತಾಣಗಳಲ್ಲೇ ನೋಡಿ.

ವಿದೇಶದ ಆಸೆಯನ್ನು ಈಗಲೇ ಹಚ್ಚಬೇಡಿ, ಅದಕ್ಕೆ ಇನ್ನೂ ಆರು ವರ್ಷವಿದೆ. ಮುಂದೆ ಆ ಮಾತು ಬಂದಾಗ ಒಂದು ನೆನಪಿರಲಿ: ಕೇಂದ್ರದಲ್ಲಿ ನೋಂದಣಿಯಾದ ಏಜೆನ್ಸಿ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಮಾತ್ರ. ಲಕ್ಷಗಳ ಮಾತಾಡುವವನಿಗೆ ಬಾಗಿಲಲ್ಲೇ ನೀರು ಕೊಟ್ಟು ಕಳಿಸಿ.

ನಿಮ್ಮ ಅಣ್ಣನ ಮಗಳ ಬಗ್ಗೆ ನೀವು ಕೇಳಿಲ್ಲ, ಆದರೆ ತುರ್ತು ಇರುವುದು ಅವಳದ್ದೇ. ಕೇಂದ್ರದ ಏಮ್ಸ್ ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ಆಯ್ಕೆ ಮಾಡಲು ಏಮ್ಸ್ ನಡೆಸುವ ನಾರ್‌ಸೆಟ್ ಪರೀಕ್ಷೆಗೆ ಜಿ.ಎನ್.ಎಂ. ಮಾಡಿದವರೂ ಕೂರಬಹುದು; ಅವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಇರಬೇಕು. ಅವಳ ಮೂರು ವರ್ಷವೂ 30 ಹಾಸಿಗೆಯ ಕಡೆ ಕಳೆದಿರುವುದರಿಂದ ಆ ಪರೀಕ್ಷೆಯ ಮಟ್ಟಿಗೆ ಅದು ಲೆಕ್ಕಕ್ಕಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿರಲಾರರು. ಸಂಬಳ ಒಂದೆರಡು ಸಾವಿರ ಮಾತ್ರ ಹೆಚ್ಚಾದರೂ ಸರಿ, 50 ಹಾಸಿಗೆ ದಾಟಿದ ಆಸ್ಪತ್ರೆಗೆ ಅವಳು ಈ ವರ್ಷವೇ ಹೋಗಲಿ. ಸಂಬಳ ಕೈಗೆ ಬೇಡ, ಬ್ಯಾಂಕ್ ಖಾತೆಗೇ ಬರಲಿ. ಈಗಿನ ಕೆಲಸ ಬಿಡುವ ಮುನ್ನ ಸೇರಿದ ದಿನ, ಬಿಟ್ಟ ದಿನ, ಹಾಸಿಗೆಗಳ ಸಂಖ್ಯೆ, ಕೆಲಸ ಮಾಡಿದ ವಿಭಾಗ ಇವಿಷ್ಟನ್ನೂ ನಮೂದಿಸಿದ ಅನುಭವ ಪತ್ರವನ್ನು ಮೊಹರು ಸಹಿತ ಪಡೆಯಲಿ, ಅವಳ ಮೂಲ ಪ್ರಮಾಣಪತ್ರಗಳು ಅಲ್ಲಿದ್ದರೆ ಮೊದಲು ಅವು ಕೈಗೆ ಬರಲಿ. ನೀವು ಮಗಳ 371(ಜೆ) ಪ್ರಮಾಣಪತ್ರಕ್ಕೆ ಯಾದಗಿರಿಯ ಸಹಾಯಕ ಆಯುಕ್ತರ ಕಚೇರಿಗೆ ಈಗಲೇ ಅರ್ಜಿ ಹಾಕಿ; ಫಲಿತಾಂಶ ಬಂದ ಮೇಲೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.